ಸ್ಯಾಟಲೈಟ್ ಆಂಟೆನಾಗೆ ಕ್ರಾಸ್ ಬೂಮ್: ಜಿಐ ಪೈಪ್ ಹಾಕ್ಲಾ, ಪಿವಿಸಿ ಹಾಕ್ಲಾ, ಫೈಬರ್ ಹಾಕ್ಲಾ?

ಪ್ರಶ್ನೆ: ನಮಸ್ಕಾರ ಸರ್. ರಾಜಾಜಿನಗರದಲ್ಲಿದೀನಿ, ಹೋದ ವರ್ಷ ಹ್ಯಾಮ್ (ಹವ್ಯಾಸಿ ರೇಡಿಯೋ) ಲೈಸೆನ್ಸ್ ಬಂತು. ಇಷ್ಟು ದಿನ ಕೈಯಲ್ಲೇ ಒಂದು ಯಾಗಿ (ಹಳೇ ಟಿವಿ ಆಂಟೆನಾ ಥರ ಕಡ್ಡಿಗಳ ಸಾಲಿರೋ ಆಂಟೆನಾ) ಹಿಡ್ಕೊಂಡು ಟೆರೇಸ್ ಮೇಲೆ ನಿಂತು ಎಸ್‌ಒ-50 ಉಪಗ್ರಹ, ಸ್ಪೇಸ್ ಸ್ಟೇಷನ್ ರಿಪೀಟರ್ ಎಲ್ಲಾ ಕೇಳ್ತಿದ್ದೆ. ಈಗ ಸೆಕೆಂಡ್ ಹ್ಯಾಂಡಲ್ಲಿ ಯಾಸು ಜಿ-5500 ರೋಟರ್ (ಆಂಟೆನಾ ತಿರುಗಿಸೋ ಮೋಟರ್) ಸಿಕ್ಕಿದೆ, 2 ಮೀಟರ್ ಬ್ಯಾಂಡಿಗೆ ಒಂದು, 70 ಸೆಂಟಿಮೀಟರ್ ಬ್ಯಾಂಡಿಗೆ ಒಂದು ಕ್ರಾಸ್ಡ್ ಯಾಗಿ (ಒಂದಕ್ಕೊಂದು ಅಡ್ಡವಾಗಿ ಎರಡು ಸಾಲು ಕಡ್ಡಿ ಇರೋದು) ನಾನೇ ಕಟ್ಟಿದೀನಿ, ದೊಡ್ಡದು ಎರಡೂವರೆ ಕೇಜಿ, ಚಿಕ್ಕದು ಒಂದೂವರೆ. ಇವೆರಡನ್ನ ಹಿಡ್ಕೊಳ್ಳೋ ಅಡ್ಡ ಪೈಪಿನ, ಅಂದ್ರೆ ಕ್ರಾಸ್ ಬೂಮಿನ, ವಿಷಯದಲ್ಲಿ ತಲೆ ಕೆಟ್ಟುಹೋಗಿದೆ. ಹಾರ್ಡ್‌ವೇರ್ ಅಂಗಡಿಯವ್ರು ಒಂದೂವರೆ ಇಂಚು ಜಿಐ ಹಾಕಿ, ಜನ್ಮಕ್ಕೂ ಬಗ್ಗಲ್ಲ ಅಂತಾರೆ. ಸೀನಿಯರ್ ಹ್ಯಾಮ್ ಒಬ್ರು ಕಬ್ಬಿಣ ಹಾಕಿದ್ರೆ ಸ್ಯಾಟಲೈಟೇ ಕೇಳ್ಸಲ್ಲ ಅಂತಾರೆ. ಸ್ನೇಹಿತ ಪಿವಿಸಿ ಪೈಪಿಗೆ ಮರ ತುರುಕು ಸಾಕು ಅಂತಾನೆ, ಇನ್ನೊಬ್ಬ ಡ್ರೋನಿಗೆ ಹಾಕೋ ಕಾರ್ಬನ್ ಟ್ಯೂಬ್ ತಗೋ, ಹಗುರ ಅಂತಾನೆ. ಫೈಬರ್‌ಗ್ಲಾಸ್ ರೇಟ್ ಕೇಳಿ ವಾಪಸ್ ಬಂದೆ. ಬಾಡಿಗೆ ಮನೆ, ಓನರ್ ಟೆರೇಸಲ್ಲಿ ಡ್ರಿಲ್ ಮಾಡಬೇಡಿ ಅಂದಿದಾರೆ. ಮೇ ತಿಂಗಳ ಗಾಳಿಗೆ ನಮ್ ರೋಡಲ್ಲೇ ಮರ ಬಿದ್ದಿತ್ತು, ಅದು ನೆನೆಸ್ಕೊಂಡ್ರೆ ಭಯ ಆಗತ್ತೆ. ಯಾವ ಪೈಪ್, ಎಷ್ಟು ಉದ್ದ, ದಯವಿಟ್ಟು ಬಿಡಿಸಿ ಹೇಳಿ.

ಉತ್ತರ:

ನಮಸ್ಕಾರ. ನಿಮ್ಮ ಪತ್ರದಲ್ಲಿ ಎರಡು ಭಯ ಸೇರ್ಕೊಂಡಿದೆ, ಸಿಗ್ನಲ್ ಹಾಳಾಗತ್ತಾ ಅನ್ನೋದು ಒಂದು, ಗಾಳಿಗೆ ಬಿದ್ದುಹೋಗತ್ತಾ ಅನ್ನೋದು ಇನ್ನೊಂದು. ಅಂಗಡಿಯವ್ರು ಎರಡನೇದಕ್ಕೆ ಉತ್ತರ ಕೊಟ್ಟಿದಾರೆ, ನಿಮ್ಮ ಸೀನಿಯರ್ ಮೊದಲನೇದಕ್ಕೆ. ಇಬ್ರೂ ಅರ್ಧರ್ಧ ಸರಿ, ಅದಕ್ಕೇ ನಿಮಗೆ ಗೊಂದಲ. ಇಪ್ಪತ್ತು ವರ್ಷದ ಮೇಲಾಯ್ತು ನಾನು ಆಂಟೆನಾ ಮೌಂಟಿಂಗ್ ಕೆಲಸ ಮಾಡ್ತಿರೋದು, ಈ ಕ್ರಾಸ್ ಬೂಮ್ ವಿಷಯದಲ್ಲಿ ಯಾರೇ ಕೇಳಿದ್ರೂ ನಾನು ಮೊದಲು ಹೇಳೋದು ಒಂದೇ ಮಾತು: ಪೈಪ್ ಯಾವ್ದು ಅಂತ ಆಮೇಲೆ ನೋಡೋಣ, ಎಲಿಮೆಂಟ್‌ಗಳ, ಅಂದ್ರೆ ಯಾಗಿಯ ಕಡ್ಡಿಗಳ, ಹತ್ರ ಲೋಹ ಎಲ್ಲಿದೆ, ಯಾವ ದಿಕ್ಕಿಗೆ ಮಲಗಿದೆ, ಅದನ್ನ ಮೊದಲು ನೋಡಿ.

ಯಾಕೆ ಅಂದ್ರೆ, 145 ಮೆಗಾಹರ್ಟ್ಸಲ್ಲಿ ಅಲೆಯ ಉದ್ದ ಸುಮಾರು 2.07 ಮೀಟರ್, ಅದರ ಅರ್ಧ ಒಂದು ಮೀಟರ್ ಚಿಲ್ಲರೆ, ನಿಮ್ಮ 2 ಮೀಟರ್ ಯಾಗಿಯ ಕಡ್ಡಿಗಳೂ ಹತ್ತಿರ ಹತ್ತಿರ ಅಷ್ಟೇ ಉದ್ದ. ಈಗ ಆ ಕಡ್ಡಿಗಳ ಮಧ್ಯಕ್ಕೆ, ಅವುಗಳಿಗೆ ಸಮಾನಾಂತರವಾಗಿ, ಒಂದೂವರೆ ಎರಡು ಮೀಟರಿನ ಕಬ್ಬಿಣದ ಪೈಪ್ ತಂದು ಮಲಗಿಸಿದ್ರೆ ಆ ಪೈಪೂ ಒಂದು ಎಲಿಮೆಂಟೇ ಆಗ್ಬಿಡತ್ತೆ, ನೀವು ಲೆಕ್ಕ ಹಾಕಿ ಇಟ್ಟ ರಿಫ್ಲೆಕ್ಟರ್ (ಹಿಂದಿನ ಕಡ್ಡಿ), ಡೈರೆಕ್ಟರ್ (ಮುಂದಿನ ಕಡ್ಡಿಗಳು) ಜೊತೆಗೆ ಲೆಕ್ಕದಲ್ಲೇ ಇಲ್ಲದ ಒಂದು ಬಂದು ಕೂತ ಹಾಗೆ. ಕರೆಂಟ್ ಅದರಲ್ಲೂ ಹರಿಯತ್ತೆ, ಅದೂ ರೇಡಿಯೇಟ್ ಮಾಡತ್ತೆ, ಪ್ಯಾಟರ್ನ್ ಓರೆ ಆಗತ್ತೆ, ಎಸ್‌ಡಬ್ಲ್ಯುಆರ್ (ಆಂಟೆನಾ ಎಷ್ಟು ಪವರ್ ವಾಪಸ್ ತಳ್ಳತ್ತೆ ಅನ್ನೋ ಅಳತೆ) ಸ್ವಲ್ಪ ಜರುಗತ್ತೆ. 70 ಸೆಂಟಿಮೀಟರಲ್ಲೂ ಇದೇ ಕಥೆ, ಅಲ್ಲಿ ಕಡ್ಡಿ 33-34 ಸೆಂಟಿಮೀಟರ್ ಇರತ್ತೆ ಅಷ್ಟೇ ವ್ಯತ್ಯಾಸ.

ಕಡ್ಡಿಗೆ ಲಂಬವಾಗಿ ಹೋಗೋ ಪೈಪ್ ಮಾತ್ರ ಏನೂ ಮಾಡಲ್ಲ. ಮಾಮೂಲಿ ಒಂದೇ ಸಾಲಿನ ಯಾಗಿಯನ್ನ ಕಡ್ಡಿ ಮೇಲೆ-ಕೆಳಗೆ ಬರೋ ಹಾಗೆ ನಿಲ್ಲಿಸಿ ಅಡ್ಡಕ್ಕೆ ಜಿಐ ಪೈಪ್ ಹಾಕಿದ್ರೆ ಯಾವ ತೊಂದ್ರೆನೂ ಇಲ್ಲ, ಎಷ್ಟೋ ಜನ ಹಾಗೇ ಮಾಡ್ಕೊಂಡು ಚೆನ್ನಾಗಿ ಕೆಲಸ ಮಾಡ್ತಿದಾರೆ. ನಿಮ್ದು ಕ್ರಾಸ್ಡ್ ಯಾಗಿ, ಎರಡು ಸಾಲಿದೆ, ಅದಕ್ಕೇ ಸಮಸ್ಯೆ. ಪ್ಲಸ್ ಗುರುತಿನ ಹಾಗೆ ಇಟ್ರೆ ನಿಂತಿರೋ ಸಾಲಿಗೆ ಪೈಪ್ ಕಾಣೋದೇ ಇಲ್ಲ, ಮಲಗಿರೋ ಸಾಲು ಪೂರ್ತಿ ಪೈಪಿನ ಬಾಯಿಗೆ ಬೀಳತ್ತೆ. ಸರ್ಕ್ಯುಲರ್ ಪೋಲರೈಸೇಷನ್, ಅಂದ್ರೆ ಅಲೆ ವೃತ್ತಾಕಾರವಾಗಿ ತಿರುಗ್ತಾ ಹೋಗೋದು, ಬರಬೇಕಂದ್ರೆ ಎರಡೂ ಸಾಲಿನ ಶಕ್ತಿ ಸಮ ಇರಬೇಕು, ಮಧ್ಯೆ 90 ಡಿಗ್ರಿ ಫೇಸ್ ವ್ಯತ್ಯಾಸ ಇರಬೇಕು. ಒಂದು ಸಾಲು ಮಾತ್ರ ಕೆಟ್ರೆ ವೃತ್ತ ಹೋಗಿ ಮೊಟ್ಟೆ ಆಕಾರ ಆಗತ್ತೆ, ಇನ್ನೂ ಕೆಟ್ರೆ ಗೆರೆ ಆಗತ್ತೆ. ಆಗ ಉಪಗ್ರಹ ತಿರುಗ್ತಾ ಇರೋವಾಗ ಸಿಗ್ನಲ್ ಮೇಲೆ ಕೆಳಗೆ ಆಗೋದು, ಕೈಯಲ್ಲಿ ಯಾಗಿ ಹಿಡಿದಾಗ ಮಣಿಕಟ್ಟು ತಿರುಗಿಸಿ ತಿರುಗಿಸಿ ನೀವು ಸರಿ ಮಾಡ್ಕೊಳ್ತಿದ್ರಲ್ಲ ಅದೇ ಫೇಡಿಂಗ್, ಅದು ವಾಪಸ್ ಬರತ್ತೆ. ಇಷ್ಟು ಕಷ್ಟಪಟ್ಟು ಎರಡು ಸಾಲು ಕಟ್ಟಿದ್ದು ಅದನ್ನ ತಪ್ಪಿಸೋಕೇ ಅಲ್ವಾ.

ಹಾಗಾಗಿ ನಿಮ್ಮ ಸೀನಿಯರ್ ಹೇಳಿದ "ಕೇಳ್ಸೋದೇ ಇಲ್ಲ" ಅನ್ನೋದು ಜಾಸ್ತಿ ಆಯ್ತು. ಕೇಳತ್ತೆ. ಸ್ಪೇಸ್ ಸ್ಟೇಷನ್ನಿನ 437.800 ಮೆಗಾಹರ್ಟ್ಸ್ ಸಿಗ್ನಲ್ ಅಂತೂ ಒಂದು ತುಂಡು ತಂತಿಗೂ ಕೇಳತ್ತೆ. ಆದ್ರೆ ಆರ್‌ಎಸ್-44, ಎಒ-7 ಥರದ ಲೀನಿಯರ್ ಟ್ರಾನ್ಸ್‌ಪಾಂಡರಲ್ಲಿ (ಒಂದಿಷ್ಟು ಫ್ರೀಕ್ವೆನ್ಸಿಯನ್ನ ಒಟ್ಟಿಗೆ ವಾಪಸ್ ಕಳಿಸೋ ಉಪಗ್ರಹ) ಕಮ್ಮಿ ಪವರಲ್ಲಿ ಎಸ್‌ಎಸ್‌ಬಿ ರೀತಿಯಲ್ಲಿ ಮಾತಾಡುವಾಗ, ಅದೂ ಉಪಗ್ರಹ ದಿಗಂತದ ಹತ್ರ ಇದ್ದಾಗ, ಆ ಏರಿಳಿತ ನಿಮ್ಮ ಮಾತನ್ನೇ ನುಂಗ್ಬಿಡತ್ತೆ.

ಇದನ್ನ ನಾನು ಪುಸ್ತಕ ಓದಿ ಹೇಳ್ತಿಲ್ಲ, ಒಂದ್ಸಲ ಮಾಡಿ ನೋಡಿದೀವಿ. ಎದುರು ಬಿಲ್ಡಿಂಗ್ ಟೆರೇಸಲ್ಲಿ ಒಬ್ಬರು ಕಮ್ಮಿ ಪವರಿನ ಸೋರ್ಸಿಗೆ ಪುಟ್ಟ ಡೈಪೋಲ್ ಕಟ್ಟಿ ಕೋಲಿನ ತುದೀಲಿ ಹಿಡ್ಕೊಂಡು ಗಡಿಯಾರದ ಮುಳ್ಳಿನ ಹಾಗೆ ನಿಧಾನಕ್ಕೆ ತಿರುಗಿಸ್ತಾ ಹೋದ್ರು, ಈಚೆ ಕ್ರಾಸ್ಡ್ ಯಾಗಿ ಫೈಬರ್ ಪೈಪಿನ ಮೇಲಿತ್ತು, ಮೀಟರ್ ಮುಳ್ಳು ಹೆಚ್ಚುಕಮ್ಮಿ ನಿಂತಲ್ಲೇ ನಿಂತಿತ್ತು. ಆಮೇಲೆ ಅದೇ ಫೈಬರ್ ಪೈಪಿನ ಬೆನ್ನಿಗೆ ಒಂದು ಜಿಐ ಪೈಪ್ ತಾಗಿಸಿ ಸೆಣಬಿನ ಹಗ್ಗದಲ್ಲಿ ಕಟ್ಟಿದ್ವಿ, ಬೇರೆ ಏನೂ ಮುಟ್ಟಲಿಲ್ಲ. ಆಚೆ ಡೈಪೋಲ್ ಅಡ್ಡ ಬಂದಾಗಲೆಲ್ಲಾ ಮುಳ್ಳು ಎರಡು ಮೂರು ಗೆರೆ ಬೀಳೋದು, ನಿಂತಾಗ ಏಳೋದು. ನಿಮ್ಮ ಹತ್ರಾನೂ ಎರಡು ಆಂಟೆನಾ, ಒಬ್ಬ ಸ್ನೇಹಿತ ಇದಾರೆ, ಭಾನುವಾರ ಬೆಳಿಗ್ಗೆ ಮಾಡಿ ನೋಡಿ, ಯಾರ ಮಾತನ್ನೂ ನಂಬಬೇಕಾಗಿಲ್ಲ.

ಈಗ ತುಂಬಾ ಜನ ಎಡವೋ ಜಾಗಕ್ಕೆ ಬರ್ತೀನಿ. ದುಡ್ಡು ಕೊಟ್ಟು ಫೈಬರ್‌ಗ್ಲಾಸ್ ಬೂಮ್ ತಂದು, ಕೋಆಕ್ಸ್ ಕೇಬಲ್ಲನ್ನ ನೀಟಾಗಿ ಕಾಣ್ಲಿ ಅಂತ ಅದೇ ಬೂಮಿನ ಉದ್ದಕ್ಕೂ ಕಪ್ಪು ಟೈ ಹಾಕ್ಕೊಂಡು ರೋಟರ್ ತನಕ ತಂದ್ಬಿಡ್ತಾರೆ. ಕೇಬಲ್ಲಿನ ಹೊರಗಿನ ಜಾಲರಿ ಲೋಹ ತಾನೆ? ಫೈಬರ್ ಪೈಪಿನ ಮೇಲೆ ಒಂದು ಲೋಹದ ಪೈಪ್ ಮಲಗಿಸಿದ ಹಾಗೇ ಆಯ್ತು, ಪೈಪಿನ ಒಳಗೆ ತೂರಿಸಿದ್ರೂ ಅಷ್ಟೇ. ಸರಿಯಾದ ದಾರಿ ಅಂದ್ರೆ ಕೇಬಲ್ಲನ್ನ ಯಾಗಿಯ ಸ್ವಂತ ಬೂಮಿನ ಉದ್ದಕ್ಕೇ ಹಿಂದಕ್ಕೆ ತಗೊಂಡು ಹೋಗಿ, ರಿಫ್ಲೆಕ್ಟರ್ ದಾಟಿಸಿ, ಹಿಂದಿನ ತುದಿಯಿಂದ ಸಡಿಲವಾದ ಕಮಾನು ಮಾಡಿ ಮಾಸ್ಟಿಗೆ (ನಿಲ್ಲಿಸಿರೋ ಕಂಬಕ್ಕೆ) ಇಳಿಸೋದು. ನೋಡೋಕೆ ಸ್ವಲ್ಪ ಜೋತುಬಿದ್ದ ಹಾಗಿರತ್ತೆ, ಇರ್ಲಿ. ಆ ಕಮಾನು ಎಷ್ಟು ಉದ್ದ ಬೇಕು ಅನ್ನೋದನ್ನ ಎಲಿವೇಷನ್ (ಮೇಲೆ-ಕೆಳಗೆ) 0 ಇಂದ 180 ತನಕ, ಅಜಿಮತ್ (ಸುತ್ತಲೂ) 450 ಡಿಗ್ರಿ ಪೂರ್ತಿ ತಿರುಗಿಸಿ ನೋಡಿ ಅಳೀರಿ, ಒಂದು ಕಡೆ ಮಾತ್ರ ನೋಡಿ ಕಟ್ಟಿದ್ರೆ ಇನ್ನೊಂದು ಕಡೆ ಹೋದಾಗ ಕನೆಕ್ಟರ್ ಕಿತ್ತು ಬರತ್ತೆ.

ಪೈಪ್‌ಗಳ ವಿಷಯ. ಕಾರ್ಬನ್ ಟ್ಯೂಬನ್ನ ಒಂದೇ ಸಾಲಲ್ಲಿ ಮುಗಿಸ್ತೀನಿ, ಅದು ಕರೆಂಟ್ ಹರಿಸತ್ತೆ, ಎಷ್ಟೇ ಹಗುರ ಇದ್ರೂ ಈ ಕೆಲಸಕ್ಕೆ ಬೇಡ. ಅಂಗಡಿಯಲ್ಲಿ ಕಪ್ಪು ಪೈಪ್ ಕೊಟ್ಟು ಇದು ಫೈಬರ್ರೇ ಅಂದ್ರೆ ತುದೀಲಿ ಕತ್ತರಿಸಿದ ಮುಖಕ್ಕೆ ಮಲ್ಟಿಮೀಟರ್ ಎರಡು ಕಡ್ಡಿ ಒತ್ತಿ ನೋಡಿ, ಓಮ್ಸಲ್ಲಿ ಏನಾದ್ರೂ ತೋರಿಸಿದ್ರೆ ಕಾರ್ಬನ್ ಇದೆ ಅಂತ.

ಪಿವಿಸಿ ಬಗ್ಗೆ ಸ್ವಲ್ಪ ಲೆಕ್ಕ ಹೇಳಬೇಕು, ಯಾಕಂದ್ರೆ ಕಾಸು ಕಮ್ಮಿ ಅಂತ ಎಲ್ರೂ ಅದಕ್ಕೇ ಹೋಗ್ತಾರೆ. ಹೊರಗಡೆ 38 ಮಿಲಿಮೀಟರ್, ದಪ್ಪ 3 ಮಿಲಿಮೀಟರ್ ಇರೋ ಒಂದೇ ಅಳತೆಯ ಮೂರು ಪೈಪ್ ತಗೊಳ್ಳಿ, ರೋಟರಿಂದ 90 ಸೆಂಟಿಮೀಟರ್ ಆಚೆ ನಿಮ್ಮ ಎರಡೂವರೆ ಕೇಜಿ ಆಂಟೆನಾ ತೂಗುಹಾಕಿ. ಅಲ್ಯೂಮಿನಿಯಂ ಆದ್ರೆ ತುದಿ 2 ಮಿಲಿಮೀಟರೂ ಬಗ್ಗಲ್ಲ. ಫೈಬರ್‌ಗ್ಲಾಸ್, ಅಂದ್ರೆ ಒಳ್ಳೇ ಎಳೆದು ಮಾಡಿದ ಪಲ್ಟ್ರೂಡೆಡ್ ಪೈಪ್, ಸುಮಾರು 6 ಮಿಲಿಮೀಟರ್. ಪಿವಿಸಿ ಸುಮಾರು 4 ಸೆಂಟಿಮೀಟರ್, ಅದೂ ನೆರಳಲ್ಲಿ ಮೊದಲನೇ ದಿನ. ಬಿಸಿಲಿಗೆ ಪಿವಿಸಿ ಮೆತ್ತಗಾಗತ್ತೆ, ಭಾರ ಇರೋ ತನಕ ನಿಧಾನಕ್ಕೆ ಇಳೀತಾನೇ ಹೋಗತ್ತೆ, ಇಳಿದಿದ್ದು ವಾಪಸ್ ಏಳಲ್ಲ. ಏಪ್ರಿಲ್ ತಿಂಗಳಲ್ಲಿ ಹಾಕಿದ್ದನ್ನ ಜೂನಲ್ಲಿ ಹೋಗಿ ನೋಡಿ, ಎರಡೂ ಆಂಟೆನಾ ತಲೆ ತಗ್ಗಿಸ್ಕೊಂಡು ನಿಂತಿರತ್ತೆ. ಒಳಗೆ ಮರ ತುರುಕಿದ್ರೆ ಭಾರ ಹೊರೋದು ಮರ, ಪಿವಿಸಿ ಅದಕ್ಕೆ ರೇನ್‌ಕೋಟ್ ಅಷ್ಟೇ. ಒಳ್ಳೇ ಒಣಗಿದ ತೇಗದ ಗೂಟ, ಎರಡೂ ತುದಿ ಎಪಾಕ್ಸಿ ಹಚ್ಚಿ ನೀರು ಹೋಗದ ಹಾಗೆ ಮುಚ್ಚಿದ್ರೆ ಒಂದೆರಡು ಮಳೆಗಾಲ ನಡೀಬಹುದು, ನೀರು ಕುಡಿದ್ರೆ ತೂಕಾನೂ ಜಾಸ್ತಿ ರೇಡಿಯೋ ಲಾಸೂ ಜಾಸ್ತಿ. ನಿಮ್ಮ ಸ್ನೇಹಿತನ ಐಡಿಯಾ ಪೂರ್ತಿ ತಪ್ಪಲ್ಲ, ಆದ್ರೆ ಟೆಂಪರವರಿ. ಬಿದಿರೂ ಹಾಗೇ.

ಇನ್ನು ಆ ಒಂದೂವರೆ ಇಂಚು ಜಿಐ. ರೇಡಿಯೋ ಲೆಕ್ಕ ಬಿಡಿ, ಅದು ನಿಮ್ಮ ರೋಟರಿಗೆ ಕೂರೋದೇ ಇಲ್ಲ. ಅಂಗಡಿಯಲ್ಲಿ ಹೇಳೋ ಇಂಚು ಒಳಗಿನ ತೂತಿನ ಲೆಕ್ಕ, ಒಂದೂವರೆ ಇಂಚು ಅಂದ್ರೆ ಹೊರಗಡೆ 48.3 ಮಿಲಿಮೀಟರ್ ಬರತ್ತೆ, ಒಂದೂಕಾಲು ಇಂಚು ಅಂದ್ರೆ 42.4, ಒಂದು ಇಂಚು ಅಂದ್ರೆ 33.7. ಜಿ-5500ರ ಎಲಿವೇಷನ್ ಕಡೆ ಬೂಮ್ ಕ್ಲ್ಯಾಂಪ್ ಹಿಡಿಯೋದು 32ರಿಂದ 43 ಮಿಲಿಮೀಟರ್ ತನಕ. ಎಷ್ಟೋ ಜನ ಪೈಪ್ ಕತ್ತರಿಸಿ, ಪೇಂಟ್ ಹೊಡೆದು, ಟೆರೇಸ್ ಮೇಲೆ ಹೊತ್ಕೊಂಡು ಹೋದಮೇಲೆ ಇದು ಗೊತ್ತಾಗಿ ಪೇಚಾಡಿದಾರೆ. ತೂಕಾನೂ ನೋಡಿ, 38ರ 3 ಮಿಲಿಮೀಟರ್ ದಪ್ಪದ ಪೈಪ್ ಕಬ್ಬಿಣದಲ್ಲಿ ಮೀಟರಿಗೆ ಎರಡೂವರೆ ಕೇಜಿ ಮೇಲೆ, ಅಲ್ಯೂಮಿನಿಯಮ್ಮಲ್ಲಿ 900 ಗ್ರಾಮ್, ಫೈಬರಲ್ಲಿ 600 ಚಿಲ್ಲರೆ ಗ್ರಾಮ್.

ಬಗ್ಗೋದರ ಬಗ್ಗೆ ಒಂದು ಮಾತು, ಇದನ್ನ ಯಾರೂ ಬಿಡಿಸಿ ಹೇಳಲ್ಲ. ಫೈಬರ್ ಬೂಮ್ ತುದಿ 6 ಮಿಲಿಮೀಟರ್ ಇಳಿದಿದ್ದು ಕಂಡ ತಕ್ಷಣ ಗುರಿ ತಪ್ಪಿತು ಅಂತ ಗಾಬರಿ ಬೀಳ್ತಾರೆ. ಸ್ವಲ್ಪ ಯೋಚನೆ ಮಾಡಿ, ಆಂಟೆನಾ ದಿಗಂತದ ಕಡೆ ನೋಡ್ತಿರುವಾಗ ಅಡ್ಡ ಪೈಪಿನ ತುದಿ ಕೆಳಗೆ ಇಳಿದ್ರೆ ಯಾಗಿ ತನ್ನ ಅಚ್ಚಿನ ಸುತ್ತ ಒಂಚೂರು ಉರುಳತ್ತೆ, ಅದರ ಮೂಗು ನೋಡ್ತಿರೋ ದಿಕ್ಕು ಬದಲಾಗಲ್ಲ; ನೆಟ್ಟಗೆ ಮೇಲೆ ನೋಡುವಾಗ ಪಕ್ಕಕ್ಕೆ ವಾಲೋದೂ ಲೆಕ್ಕಕ್ಕಿಲ್ಲದಷ್ಟು ಕಮ್ಮಿ. ಸರ್ಕ್ಯುಲರ್ ಆಂಟೆನಾಗೆ ಉರುಳಿದ್ರೂ ಒಂದೇ ಬಿಟ್ರೂ ಒಂದೇ. ಗುರಿ ತಪ್ಪೋದು ಪೈಪ್ ತಿರುಚಿಕೊಂಡಾಗ, ಇಲ್ಲಾ ಕ್ಲ್ಯಾಂಪ್ ಜಾರಿದಾಗ, ಆಗ ಒಂದು ಆಂಟೆನಾ ಮೇಲೆ ನೋಡ್ತಿರತ್ತೆ, ಇನ್ನೊಂದು ನೆಲ ನೋಡ್ತಿರತ್ತೆ. ಇದು ಆಗಬಾರದು ಅಂದ್ರೆ ಪ್ರತಿ ಯಾಗಿಯನ್ನೂ ಕೇಬಲ್ ಸಮೇತ ಒಂದು ಬೆರಳಿನ ಮೇಲೆ ತೂಗಿಸಿ ಬ್ಯಾಲೆನ್ಸ್ ಪಾಯಿಂಟ್ ಹುಡುಕಿ ಅಲ್ಲೇ ಕ್ಲ್ಯಾಂಪ್ ಹಾಕಿ. ಕೇಬಲ್ ಸಮೇತ ಅಂತ ಯಾಕೆ ಹೇಳಿದೆ ಅಂದ್ರೆ ಆರ್‌ಜಿ-213 ಅಂಥ ದಪ್ಪ ಕೇಬಲ್ ಮೀಟರಿಗೆ 150 ಗ್ರಾಮ್ ಹತ್ರ ಇರತ್ತೆ, ಹಿಂದಿನ ತುದೀಲಿ ಅದು ಜೋತುಬಿದ್ದಾಗ ಬ್ಯಾಲೆನ್ಸ್ ಪೂರ್ತಿ ಬದಲಾಗತ್ತೆ. ಆ ಬ್ಯಾಲೆನ್ಸ್ ಪಾಯಿಂಟಲ್ಲೇ ಸರಿಯಾಗಿ ಒಂದು ಕಡ್ಡಿ ಬಂದ್ರೆ ಒಂಚೂರು ಆಚೆ ಈಚೆ ಸರಿಸಿ, ಎರಡು ಕಡ್ಡಿಯ ನಡುಮಧ್ಯೆ ಕ್ಲ್ಯಾಂಪ್ ಬರ್ಲಿ. ಎಡಕ್ಕೂ ಬಲಕ್ಕೂ ತೂಕ ಸಮ ಇಲ್ಲ ಅನ್ನೋದರ ಬಗ್ಗೆ ಅಷ್ಟು ತಲೆಕೆಡಿಸ್ಕೋಬೇಡಿ, ಎಲಿವೇಷನ್ ಮೋಟರಿಗೆ ಭಾರ ಬೀಳೋದು ಹಿಂದೆ ಮುಂದೆ ತೂಕ ಸಮ ಇಲ್ದಿದ್ರೆ.

ಫೈಬರ್ ಪೈಪ್ ಎಲ್ಲಿ ಮುರಿಯತ್ತೆ ಗೊತ್ತಾ? ಗಾಳಿಗೆ ನಡುವೆ ಮುರಿದಿದ್ದು ನಾನು ನೋಡಿಲ್ಲ. ಲೆಕ್ಕ ಹಾಕಿದ್ರೂ ಅದೇ ಬರತ್ತೆ. ಕಟ್ಟಡಗಳ ಗಾಳಿ ಲೆಕ್ಕಕ್ಕೆ ನಮ್ಮ ಐಎಸ್ 875 ಬೆಂಗಳೂರಿಗೆ ಕೊಟ್ಟಿರೋ ಮೂಲ ವೇಗ ಸೆಕೆಂಡಿಗೆ 33 ಮೀಟರ್, ಗಂಟೆಗೆ 119 ಕಿಲೋಮೀಟರ್ ಹತ್ರ, ಅಷ್ಟು ಗಾಳಿ ಒಂದು ಚದರ ಮೀಟರ್ ಮೇಲೆ ಸುಮಾರು 65 ಕೇಜಿ ತೂಕದಷ್ಟು ಒತ್ತತ್ತೆ. ನಿಮ್ಮ ದೊಡ್ಡ ಯಾಗಿ ಗಾಳಿಗೆ ಒಡ್ಡೋ ಮುಖ ಎಲ್ಲಾ ಸೇರಿ ಒಂದು ಚದರ ಮೀಟರಿನ ಹತ್ತನೇ ಒಂದು ಭಾಗ ಅಂತ ಹಿಡಿದ್ರೂ ಏಳೆಂಟು ಕೇಜಿ. ಅದಕ್ಕೆ ಆ 38ರ ಪೈಪಲ್ಲಿ ಬರೋ ಒತ್ತಡ 26 ಮೆಗಾಪ್ಯಾಸ್ಕಲ್ ಆಸುಪಾಸು, ಒಳ್ಳೇ ಪಲ್ಟ್ರೂಡೆಡ್ ಪೈಪ್ ಅದರ ಎಷ್ಟೋ ಪಟ್ಟು ತಡೆಯತ್ತೆ. ಅದು ಸಾಯೋದು ಯು ಕ್ಲ್ಯಾಂಪಿನ ಕೆಳಗೆ. ಆ ಪೈಪಲ್ಲಿ ನಾರು ಹೆಚ್ಚಾಗಿ ಉದ್ದಕ್ಕೆ ಮಾತ್ರ ಓಡಿರತ್ತೆ, ಕಬ್ಬಿನ ಹಾಗೆ, ಉದ್ದಕ್ಕೆ ಭಾರೀ ಗಟ್ಟಿ, ಅಡ್ಡಕ್ಕೆ ಹಿಸುಕಿದ್ರೆ ಸೀಳತ್ತೆ. ಜಾರ್ತಿದೆ ಅಂತ ಸ್ಪ್ಯಾನರ್ ಇನ್ನೊಂದು ಸುತ್ತು ಬಿಗಿ ಮಾಡ್ತೀರಾ, ಒಂದು ಸಣ್ಣ ಚಟ್ ಅಂತ ಶಬ್ದ, ಪೈಪಿನ ಮೇಲೆ ಕೂದಲಿನಷ್ಟು ಒಂದು ಬಿಳೀ ಗೆರೆ ಉದ್ದಕ್ಕೆ ಮೂಡತ್ತೆ. ಅವತ್ತೇನೂ ಆಗಲ್ಲ. ಆ ಗೆರೆಯೊಳಗೆ ಮಳೆ ನೀರು ಇಳೀತಾ, ಆಷಾಢದ ಗಾಳಿಗೆ ದಿನಕ್ಕೆ ಸಾವಿರ ಸಲ ಅಲುಗಾಡ್ತಾ, ಒಂದಿನ ಎರಡು ಹೋಳು.

ಅದಕ್ಕೇ ಕ್ಲ್ಯಾಂಪ್ ಬರೋ ಕಡೆಯೆಲ್ಲಾ ಪೈಪಿನ ಒಳಗೆ ಏನಾದ್ರೂ ತುಂಬಿರಲೇಬೇಕು. ರೋಟರ್ ಹಿಡಿಯೋ ಮಧ್ಯಭಾಗಕ್ಕೆ ಅಲ್ಯೂಮಿನಿಯಂ ಟ್ಯೂಬ್ ತೂರಿಸಿ ಎಪಾಕ್ಸಿ ಹಾಕಿ ಕೂರಿಸಿ. ಅಲ್ಲಿ ಲೋಹ ಇದ್ರೆ ಪರವಾಗಿಲ್ಲ, ರೋಟರ್ರೇ ಒಂದು ಲೋಹದ ಮುದ್ದೆ. ಆಂಟೆನಾ ಹಿಡಿಯೋ ತುದಿಗಳಿಗೆ ನೈಲಾನ್ ರಾಡ್ ತುಂಡು, ಸಿಗದಿದ್ರೆ ತೇಗದ ಗೂಟ, ಒಂದೊಂದು ಗೇಣು ಉದ್ದ ಸಾಕು. ಆಮೇಲೆ ಬಿಗಿ ಹೆಚ್ಚಿಸೋ ಬದಲು ಪೈಪಿಗೂ ಕ್ಲ್ಯಾಂಪಿಗೂ ಮಧ್ಯೆ ಹಳೇ ಸೈಕಲ್ ಟ್ಯೂಬಿನ ಒಂದು ಪಟ್ಟಿ ಸುತ್ತಿ, ಹಿಡಿತ ಚೆನ್ನಾಗಿರತ್ತೆ.

ಬಿಸಿಲಿನ ವಿಷಯ. ಪೇಂಟ್ ಇಲ್ಲದೆ ಆರೇಳು ವರ್ಷ ಮೇಲಿದ್ದ ಒಂದು ಫೈಬರ್ ಬೂಮನ್ನ ಇಳಿಸೋಕೆ ಹೋಗಿದ್ದೆ, ದೂರದಿಂದ ಚೆನ್ನಾಗೇ ಕಾಣ್ತಿತ್ತು, ಹತ್ರ ಹೋಗಿ ನೋಡಿದ್ರೆ ಹಳದಿ ಬಣ್ಣ ಪೂರ್ತಿ ಹೋಗಿ ಮೈ ತುಂಬಾ ಬಿಳೀ ನವಿರು ಎದ್ದಿತ್ತು, ಬಾಳೆ ದಿಂಡಿನ ನಾರು ಒಣಗಿದ ಹಾಗೆ. ಬರೀ ಕೈಯಲ್ಲಿ ಹಿಡ್ಕೊಂಡು ಮೂರು ಮಹಡಿ ಇಳಿಸಿದೆ, ಎರಡು ದಿನ ಅಂಗೈ ಕಡಿತ ಹೋಗಲಿಲ್ಲ. ಅಲ್ಟ್ರಾವಯಲೆಟ್‌ಗೆ ಮೇಲಿನ ರೆಸಿನ್ ತಿಂದುಹೋಗಿ ಗಾಜಿನ ನಾರು ಹೊರಗೆ ಬರೋದು ಅದು. ತಂದ ದಿನವೇ ಲೈಟಾಗಿ ಮರಳು ಕಾಗದ ಉಜ್ಜಿ ಹೊರಾಂಗಣದ ಪಿಯು ಪೇಂಟ್ ಎರಡು ಕೋಟ್ ಹೊಡೀರಿ, ಬಿಳೀ ಅಥವಾ ತಿಳಿ ಬೂದು, ಬೆಳ್ಳಿ ಬಣ್ಣ ಮಾತ್ರ ಬೇಡ, ಅದರಲ್ಲಿ ಅಲ್ಯೂಮಿನಿಯಂ ಪುಡಿ ಇರತ್ತೆ. ಕತ್ತರಿಸುವಾಗ ಕತ್ತರಿಸೋ ಜಾಗಕ್ಕೆ ಸುತ್ತ ಟೇಪ್ ಸುತ್ತಿ, ಸಣ್ಣ ಹಲ್ಲಿನ ಹ್ಯಾಕ್ಸಾ ಬ್ಲೇಡ್ ಬಳಸಿ, ಮಾಸ್ಕು, ಕನ್ನಡಕ, ತುಂಬುತೋಳಿನ ಶರ್ಟ್ ಹಾಕ್ಕೊಳ್ಳಿ, ಮಕ್ಕಳಿರೋ ಮನೇಲಿ ಒಳಗಂತೂ ಕತ್ತರಿಸಲೇಬೇಡಿ. ಆ ಧೂಳು ಗಾಜು.

ಹಾಗಾದ್ರೆ ನಿಮಗೆ ನಾನು ಹೇಳೋದು ಇಷ್ಟು. ಹೊರಗಡೆ 38 ಮಿಲಿಮೀಟರ್, 3 ಮಿಲಿಮೀಟರಿಗಿಂತ ಕಮ್ಮಿ ಇಲ್ಲದ ದಪ್ಪ, 1.8 ಮೀಟರ್ ಉದ್ದದ ಒಂದೇ ಫೈಬರ್‌ಗ್ಲಾಸ್ ಪೈಪ್. ಮಧ್ಯದ 60 ಸೆಂಟಿಮೀಟರಿಗೆ ಒಳಗೆ ಅಲ್ಯೂಮಿನಿಯಂ ಟ್ಯೂಬ್. ರೋಟರ್ ಮಧ್ಯದಿಂದ 85 ಸೆಂಟಿಮೀಟರ್ ದೂರದಲ್ಲಿ ಎರಡೂ ಆಂಟೆನಾ, ಪ್ಲಸ್ ಥರ ಇಡಬೇಡಿ, ಎರಡನ್ನೂ 45 ಡಿಗ್ರಿ ತಿರುಗಿಸಿ ಗುಣಾಕಾರದ ಗುರುತಿನ ಹಾಗೆ ಇಡಿ. ಆಗ 2 ಮೀಟರಿನ ಕಡ್ಡಿ ತುದಿ ಒಳಗಡೆಗೆ 35 ಸೆಂಟಿಮೀಟರ್ ಅಷ್ಟೇ ಚಾಚತ್ತೆ, ಲೋಹ ಮುಗಿಯೋದು 30ಕ್ಕೆ, ಅಂದ್ರೆ ಆಂಟೆನಾ ಇಂದ 55 ಸೆಂಟಿಮೀಟರ್ ದೂರ, ಎರಡೂ ಸಾಲಿಗೂ ರೋಟರ್ ಮಾಸ್ಟ್ ಎಲ್ಲಾ ಒಂದೇ ಥರ ಕಾಣತ್ತೆ. ಇನ್ನೂ ಉದ್ದ ಮಾಡೋ ಆಸೆ ಬೇಡ. ಆ ಆಂಟೆನಾಗಳು ಎರಡು ಬೇರೆ ಬ್ಯಾಂಡಿನವು, ದೂರ ಇಟ್ಟಷ್ಟೂ ಗೇನ್ ಬರೋ ಸ್ಟ್ಯಾಕಿಂಗ್ ವ್ಯವಹಾರ ಇಲ್ಲಿಲ್ಲ, ಬರೀ ಗಾಳಿಯ ಹೊಡೆತ ಜಾಸ್ತಿ ಆಗತ್ತೆ, ಅಜಿಮತ್ ಗೇರಿನ ಹಲ್ಲು ಮುರಿಯೋದು ಅದಕ್ಕೇ.

ಫೈಬರ್ ರೇಟ್ ಕೇಳಿ ವಾಪಸ್ ಬಂದೆ ಅಂದ್ರಲ್ಲ, ಆಂಟೆನಾ ಬೂಮ್ ಅಂತ ಕೇಳಿದ್ರೆ ಅದು ಒಂದು ರೇಟು. ಪೀಣ್ಯ ಕಡೆ ಹೋಗಿ ಎಫ್‌ಆರ್‌ಪಿ (ಫೈಬರ್‌ಗ್ಲಾಸ್) ಹ್ಯಾಂಡ್‌ರೇಲ್ ಪೈಪ್, ಏಣಿ ಮಾಡೋ ಪೈಪ್ ಅಂತ ಕೇಳಿ, ಫ್ಯಾಬ್ರಿಕೇಷನ್ನಲ್ಲಿ ಉಳಿದ ತುಂಡು ಎರಡು ಮೀಟರಿಂದು ಸಿಕ್ಕರೆ ಅದೇ ಮಾಲು. ತಗೊಳ್ಳೋವಾಗ ಬೆಳಕಿಗೆ ಹಿಡಿದು ಉದ್ದಕ್ಕೂ ಬಿಳೀ ಗೆರೆ ಇದೆಯಾ ನೋಡಿ, ನಾಣ್ಯದಲ್ಲಿ ತಟ್ಟುತ್ತಾ ಹೋಗಿ, ಸೀಳಿರೋ ಕಡೆ ಶಬ್ದ ಮಂಕಾಗತ್ತೆ.

ಈಗಲೇ ಅಷ್ಟು ಹಾಕೋಕಾಗಲ್ಲ ಅಂದ್ರೆ ಎರಡು ದಾರಿ ಇದೆ. ಒಂದು, 38ರ ಅಲ್ಯೂಮಿನಿಯಂ ಪೈಪನ್ನೇ ಪೂರ್ತಿ ಹಾಕಿ, ಆಂಟೆನಾಗಳನ್ನ ಅದೇ 45 ಡಿಗ್ರಿಗೆ ಇಡಿ. ಪೈಪಿನ ಕಾಟ ಎರಡೂ ಸಾಲಿಗೆ ಸಮ ಬೀಳೋದ್ರಿಂದ ಪ್ಲಸ್ಸಿಗಿಂತ ಕಮ್ಮಿ ಕೆಡತ್ತೆ, ಸ್ವಲ್ಪ ಗೇನ್ ಹೋಗತ್ತೆ, ಎಸ್‌ಡಬ್ಲ್ಯುಆರ್ ಮತ್ತೆ ನೋಡ್ಕೋಬೇಕು, ಕೆಲಸ ಆಗತ್ತೆ. ಎರಡು, ಆಂಟೆನಾದ ಬಾಲ ಹಿಡಿದು ರಿಫ್ಲೆಕ್ಟರ್ ಹಿಂದೆ ಕ್ಲ್ಯಾಂಪ್ ಮಾಡೋದು, ಆಗ ಅಡ್ಡ ಪೈಪ್ ಯಾವ ಲೋಹ ಆದ್ರೂ ತೊಂದ್ರೆ ಇಲ್ಲ, ಆದ್ರೆ ಪೂರ್ತಿ ತೂಕ ಮುಂದಕ್ಕೆ ಚಾಚ್ಕೊಂಡಿರತ್ತೆ, ಹಿಂದೆ ತೂಕ ಕಟ್ಟಬೇಕು. ಚಿಕ್ಕ 70 ಸೆಂಟಿಮೀಟರ್ ಯಾಗಿಗೆ ಇದು ಸರಿ, ದೊಡ್ಡದಕ್ಕೆ ನಾನು ಬೇಡ ಅಂತೀನಿ, ಸೆಕೆಂಡ್ ಹ್ಯಾಂಡ್ ರೋಟರ್ ಬೇರೆ, ಅದರ ಎಲಿವೇಷನ್ ಗೇರ್ ಎಷ್ಟು ಸವೆದಿದೆಯೋ ಗೊತ್ತಿಲ್ಲ.

ಡ್ರಿಲ್ ಇಲ್ಲದೆ ನಿಲ್ಲಿಸೋದಕ್ಕೆ ಅಗಲ ಕಾಲಿನ ಟ್ರೈಪಾಡ್ ಮಾಡಿಸಿ ಪ್ರತಿ ಕಾಲಿನ ಮೇಲೂ ಕಾಂಕ್ರೀಟ್ ಬ್ಲಾಕ್ ಹೇರಿ, ಕೆಳಗೆ ಹಳೇ ರಬ್ಬರ್ ಮ್ಯಾಟ್ ಹಾಕಿ, ವಾಟರ್‌ಪ್ರೂಫಿಂಗ್ ಹಾಳಾದ್ರೆ ಓನರ್ ಮತ್ತೆ ಮಾತಾಡ್ಸಲ್ಲ. ಮಾಸ್ಟ್ ಎತ್ತರ ಆದಷ್ಟು ಕಮ್ಮಿ ಇರ್ಲಿ. ಆಕಾಶ ನೋಡೋ ಆಂಟೆನಾಗೆ ಎತ್ತರದಿಂದ ಬರೋ ಲಾಭ ಕಮ್ಮಿ, ಓವರ್‌ಹೆಡ್ ಟ್ಯಾಂಕ್, ಸೋಲಾರ್ ಹೀಟರ್ ಮರೆಯಾಗದಷ್ಟು ಇದ್ರೆ ಸಾಕು. ಟ್ಯಾಂಕಿನ ಸ್ಟ್ಯಾಂಡಿಗೆ ಕಟ್ಟಬೇಡಿ.

ಫೈಬರ್ ಹಾಕಿದಾಗ ಒಂದು ವಿಷಯ ಮರೀತಾರೆ. ಲೋಹದ ಬೂಮಲ್ಲಿ ಆಂಟೆನಾ ತಾನಾಗೇ ಮಾಸ್ಟಿಗೆ ಅರ್ಥ್ ಆಗಿರತ್ತೆ, ಫೈಬರಲ್ಲಿ ಅದು ಗಾಳಿಯಲ್ಲಿ ತೇಲ್ತಿರತ್ತೆ, ಕೇಬಲ್ಲಿನ ಜಾಲರಿ ಬಿಟ್ರೆ ಬೇರೆ ದಾರಿ ಇಲ್ಲ. ಹಾಗಾಗಿ ಮಾಸ್ಟನ್ನ ದಪ್ಪ ತಾಮ್ರದ ತಂತಿಯಿಂದ ಅರ್ಥಿಗೆ ಇಳಿಸಿ, ಎರಡೂ ಕೋಆಕ್ಸಿಗೆ ಮನೆ ಒಳಗೆ ಹೋಗೋ ಮುಂಚೆ ಅರೆಸ್ಟರ್ (ಸಿಡಿಲಿನ ಕರೆಂಟನ್ನ ಅರ್ಥಿಗೆ ಹರಿಸೋ ಸಾಧನ) ಹಾಕಿ ಅದೇ ಅರ್ಥಿಗೆ ಸೇರಿಸಿ, ಗುಡುಗು ಕೇಳಿದ ತಕ್ಷಣ ರೇಡಿಯೋ ಇಂದ ಕೇಬಲ್ ಬಿಚ್ಚಿಡಿ. ಇದರಲ್ಲಿ ನೇರ ಸಿಡಿಲು ತಡೆಯೋಕಾಗಲ್ಲ, ಅಕ್ಕಪಕ್ಕ ಹೊಡೆದಾಗ ಒಳಗೆ ಬರೋದು ತಡೆಯತ್ತೆ. ಇನ್ನು ಹದ್ದುಗಳು. ನಮ್ಮೂರಲ್ಲಿ ಎತ್ತರಕ್ಕೆ ಏನೇ ನಿಲ್ಸಿದ್ರೂ ಅವು ಬಂದು ಕೂರ್ತಾವೆ, ಕಡ್ಡಿ ಬಗ್ಗತ್ತೆ, ತಿಂಗಳಿಗೊಮ್ಮೆ ಕೆಳಗಿಂದಲೇ ಕಣ್ಣಾಡಿಸಿ.

ಇದೆಲ್ಲಾ ಓದಿ ಬೇಜಾರಾಗಬೇಡಿ. ಈ ಊರಲ್ಲೇ ಕಟ್ಟಿದ ಹ್ಯಾಮ್‌ಸ್ಯಾಟ್ ಉಪಗ್ರಹ 2005ರ ಮೇ 5ಕ್ಕೆ ಪಿಎಸ್‌ಎಲ್‌ವಿ-ಸಿ6ರಲ್ಲಿ ಹೋಯ್ತಲ್ಲ, 2014ರ ತನಕ ಕೆಲಸ ಮಾಡ್ತು, ಅದರ ಮೇಲೆ ನಾನು ಮಾತಾಡಿದ್ದರಲ್ಲಿ ಅರ್ಧಕ್ಕರ್ಧ ಕೈಯಲ್ಲಿ ಹಿಡಿದ ಒಂದೇ ಸಾಲಿನ ಯಾಗಿಯಲ್ಲೇ. ಬೂಮ್ ರೆಡಿ ಆಗೋ ತನಕ ನಿಮ್ಮ ಆಂಟೆನಾಗಳನ್ನ ಸುಮ್ನೆ ಇಡಬೇಡಿ, ಮೇಲಕ್ಕೆ 20 ಡಿಗ್ರಿ ಅಷ್ಟು ಓರೆ ಮಾಡಿ ಅಜಿಮತ್ ಮೋಟರ್ ಒಂದನ್ನೇ ತಿರುಗಿಸ್ಕೊಂಡು ಕೆಲಸ ಶುರು ಮಾಡಿ, ಒಂದು ಪಾಸಲ್ಲಿ ಉಪಗ್ರಹ ಹೆಚ್ಚು ಹೊತ್ತು ಇರೋದು ಕೆಳಗಡೆನೇ, ತಲೆ ಮೇಲೆ ಬರೋ ಒಂದೆರಡು ನಿಮಿಷ ಮಾತ್ರ ತಪ್ಪಬಹುದು.

ಪೀಣ್ಯಕ್ಕೆ ಹೋಗೋ ದಿನ ರೋಟರಿನ ಎಲಿವೇಷನ್ ಕ್ಲ್ಯಾಂಪ್ ಒಂದು ಜೊತೆ ಬಿಚ್ಚಿ ಬ್ಯಾಗಲ್ಲಿ ಹಾಕ್ಕೊಂಡು ಹೋಗಿ. ಮಲ್ಟಿಮೀಟರೂ ಇರ್ಲಿ. ಪೈಪಿಗೆ ಕ್ಲ್ಯಾಂಪ್ ಹಾಕಿ ಅಲ್ಲೇ ಅಂಗಡಿ ಮುಂದೆ ಕೈಯಲ್ಲಿ ಬಿಗಿ ಮಾಡಿ ನೋಡಿ, ಸುತ್ತ ಪೂರ್ತಿ ಹಿಡಿದ್ರೆ ದುಡ್ಡು ಕೊಡಿ.